ಬಂಡೆಬಳ್ಳಿಯ ರಸ

ಆ ವರ್ಷ ಗದಗಿನಲ್ಲಿ ಯಾರಿಗೂ ನೆಗಡಿಯಾಗಲಿಲ್ಲ.

ಹೊರಗಿನವರಿಗೆ ಹೇಳಿದರೆ ನಗುತ್ತಿದ್ದರು. ಆದರೆ ಮಳೆಗಾಲ ಶುರುವಾಗಿ ತಿಂಗಳಾದರೂ ಶಾಲೆಗಳಲ್ಲಿ ಒಂದು ಕೆಮ್ಮು ಕೇಳಿಸುತ್ತಿರಲಿಲ್ಲ. ಔಷಧದ ಅಂಗಡಿಯವರು ಜ್ವರದ ಗುಳಿಗೆ ತರಿಸುವುದನ್ನು ಕಡಿಮೆ ಮಾಡಿದ್ದರು. ದೊಡ್ಡಾಸ್ಪತ್ರೆಯ ಜ್ವರದ ವಾರ್ಡಿನಲ್ಲಿ ಮಂಚಗಳನ್ನು ಒಂದರ ಮೇಲೊಂದು ಪೇರಿಸಿ, ಜಾಗವನ್ನು ನರ್ಸುಗಳ ತರಬೇತಿಗೆ ಬಿಟ್ಟುಕೊಟ್ಟಿದ್ದರು.

ಅದಕ್ಕೆ ಐದು ವರ್ಷ ಮೊದಲು ಅದೇ ವಾರ್ಡಿನ ಹೊರಗೆ ನೆಲದ ಮೇಲೆ ಚಾಪೆ ಹಾಸಿಕೊಂಡು ರೋಗಿಗಳು ಮಲಗಿದ್ದರು. ಕೆಂಗಣ್ಣು ಜ್ವರ ಎಂದು ಜನ ಕರೆಯುತ್ತಿದ್ದ ಆ ರೋಗ ಮೊದಲ ಮಳೆಯ ಜೊತೆ ಬರುತ್ತಿತ್ತು. ಕಣ್ಣು ಕೆಂಪಾದ ಮೂರನೆಯ ದಿನಕ್ಕೆ ಉಸಿರು ಕಟ್ಟುತ್ತಿತ್ತು. ಲಸಿಕೆ ತಯಾರಾಗುವ ಹೊತ್ತಿಗೆ ವೈರಸ್ಸು ತನ್ನ ಮೇಲಂಗಿ ಬದಲಿಸಿಕೊಂಡು ಮರುವರ್ಷ ಬೇರೆಯದೇ ರೂಪದಲ್ಲಿ ಬರುತ್ತಿತ್ತು. ಎರಡನೆಯ ವರ್ಷ ಮೌನೇಶಪ್ಪ ಬಡಿಗೇರ ಎಂಬ ಬಡಗಿ ನಾಲ್ಕೇ ದಿನದಲ್ಲಿ ತೀರಿಕೊಂಡ. ಅವನ ಹಿರಿಯ ಮಗಳು ನೀಲಗಂಗಾ ಆಗ ಧಾರವಾಡದಲ್ಲಿ ರೋಗನಿರೋಧಕ ಶಕ್ತಿಯ ಬಗ್ಗೆ ಸಂಶೋಧನೆ ಮಾಡುತ್ತಿದ್ದಳು. ಜಿಲ್ಲೆಯ ಗಡಿ ಮುಚ್ಚಿದ್ದರಿಂದ ಅಪ್ಪನ ಮಣ್ಣಿಗೂ ಬರಲಾಗಲಿಲ್ಲ.

ತಿಂಗಳಾದ ಮೇಲೆ ಊರಿಗೆ ಬಂದಾಗ, ಕಪ್ಪತ್ತಗುಡ್ಡದ ಕಡೆಯ ಕುರಿಗಾರರಿಗೆ ಈ ಜ್ವರ ಅಷ್ಟಾಗಿ ತಾಗುತ್ತಿಲ್ಲ ಎಂಬ ಮಾತು ಅವಳ ಕಿವಿಗೆ ಬಿತ್ತು. ಗುಡ್ಡಕ್ಕೆ ಹೋಗಿ ವಿಚಾರಿಸಿದಳು. ಬಂಡೆಗಳ ಸಂದಿಯಲ್ಲಿ ಹಬ್ಬುವ, ಬೆರಳಿನಷ್ಟು ದಪ್ಪದ ಒಂದು ಬಳ್ಳಿಯನ್ನು ಅವರು ಥಂಡಿಗೆಂದು ಅಗಿಯುತ್ತಿದ್ದರು. ಅವಳು ಒಂದು ಚೀಲ ತುಂಬ ಅದನ್ನು ಕೊಯ್ದುಕೊಂಡು ಧಾರವಾಡಕ್ಕೆ ಹೋದಳು.

ಎರಡು ವರ್ಷದಲ್ಲಿ ಮುಂಡರಗಿ ರಸ್ತೆಯ ಮೇಲೆ ಬಳ್ಳಿ ಕೇಂದ್ರ ಎದ್ದಿತು. ಆರು ಜಿಲ್ಲೆಗಳಲ್ಲಿ ಮನೆಮನೆಗೆ ಹಸಿರು ಬಾಟಲಿ ತಲುಪಿತು. ವಾರಕ್ಕೆ ಒಂದು ಚಮಚ ರಸ. ಕೆಂಗಣ್ಣು ಜ್ವರ ಹೋಯಿತು, ಅದರ ಜೊತೆ ಸಣ್ಣಪುಟ್ಟ ನೆಗಡಿ ಜ್ವರಗಳೂ ಹೋದವು. ನೀಲಗಂಗಾ ಕೇಂದ್ರದ ಮುಖ್ಯ ವಿಜ್ಞಾನಿಯಾದಳು. ಶಾಲೆಗಳಿಗೆ ಹೋದಾಗ ಮಕ್ಕಳಿಗೆ ಹೀಗೆ ಹೇಳುತ್ತಿದ್ದಳು: "ನಿಮ್ಮ ಮೈಯಾಗ ಕಾವಲು ಕಾಯೋ ಕಣಗಳು ಇರತಾವ. ಅವು ಒಮ್ಮೊಮ್ಮೆ ತೂಕಡಿಸತಾವ. ಈ ರಸ ಅವನ್ನ ಎಬ್ಬಿಸಿ ಕೂಡಸತೈತಿ. ಕಳ್ಳ ಯಾವ ಅಂಗಿ ಹಾಕ್ಕೊಂಡು ಬಂದ್ರೂ, ಎಚ್ಚರ ಇದ್ದ ಕಾವಲುಗಾರ ಬಿಡೂದಿಲ್ಲ."

ಕಿಡ್ನಿ ಕಸಿ ಮಾಡಿಸಿಕೊಂಡವರಿಗೆ ಕೊಡಬಾರದು ಎಂದು ಬಾಟಲಿಯ ಮೇಲೆ ಅಚ್ಚಾಗಿತ್ತು. ಬಸುರಿಯರಿಗೆ ಕೊಡಬಹುದು ಎಂದೂ ಅಚ್ಚಾಗಿತ್ತು. ಆ ಸಾಲು ಬರೆದವಳು ನೀಲಗಂಗಾಳೇ.

ಫೆಬ್ರುವರಿಯ ಒಂದು ಬೆಳಿಗ್ಗೆ ಅವಳು ಕೇಂದ್ರದ ನಿಯಂತ್ರಣ ಕೋಣೆಯಲ್ಲಿದ್ದಳು. ಗಾಜಿನಾಚೆ ಮೂರು ಉಕ್ಕಿನ ಹಂಡೆಗಳಲ್ಲಿ ಬಳ್ಳಿ ಕುದಿಯುತ್ತಿತ್ತು. ಪರದೆಯ ಮೇಲೆ ಆ ದಿನದ ರಸದ ಗುರುತಿನ ಗೆರೆ ಮೂಡುತ್ತಿತ್ತು. ರಸದಲ್ಲಿರುವ ಒಂದೊಂದು ವಸ್ತುವಿಗೂ ಆ ಗೆರೆಯಲ್ಲಿ ಒಂದೊಂದು ಶಿಖರ ಏಳುತ್ತದೆ. ಒಟ್ಟು ಇಪ್ಪತ್ತೊಂದು ಶಿಖರ. ಇಪ್ಪತ್ತೊಂದೂ ಸರಿಯಾದ ಎತ್ತರಕ್ಕೆ ಬಂದರೆ ಮಾತ್ರ ರಸ ಹೊರಗೆ ಹೋಗುತ್ತಿತ್ತು. ಅವುಗಳಲ್ಲಿ ಆರು ಏನು ಮಾಡುತ್ತವೆ ಎಂದು ಅವಳಿಗೆ ಗೊತ್ತಿತ್ತು. ಉಳಿದ ಹದಿನೈದು ಇವೆ ಎಂದಷ್ಟೇ ಗೊತ್ತಿತ್ತು.

ಕಾವಲಿನವನು ಬಂದು, ಯಾರೋ ಆಶಾ ಕಾರ್ಯಕರ್ತೆ ಬೆಳಿಗ್ಗೆಯಿಂದ ಕೂತಿದ್ದಾರೆ, ನಿಮ್ಮನ್ನೇ ಕಾಣಬೇಕಂತೆ ಎಂದ.

ಬಂದವಳ ಹೆಸರು ಫಕೀರವ್ವ. ಐವತ್ತರ ಹತ್ತಿರದ, ಗಟ್ಟಿ ಮೈಕಟ್ಟಿನ ಹೆಂಗಸು. ಬೆಟಗೇರಿಯ ನೇಕಾರರ ಓಣಿಗಳಲ್ಲಿ ಬಸುರಿಯರನ್ನೂ ಕೂಸುಗಳನ್ನೂ ನೋಡಿಕೊಳ್ಳುವುದು ಅವಳ ಕೆಲಸ. ಕುರ್ಚಿ ತೋರಿಸಿದರೂ ಕೂರದೆ, ಚೀಲದಿಂದ ಒಂದು ನೋಟ್‌ಬುಕ್ ತೆಗೆದು ಮೇಜಿನ ಮೇಲೆ ಇಟ್ಟಳು.

"ಮೇಡಮ್ಮರ, ಹೋದ ವರ್ಷ ನನ್ನ ಕಡೆ ಮೂವತ್ತೊಂದು ಬಸುರು ಬರದೀನಿ. ಹತ್ತೊಂಬತ್ತು ಮಂದಿ ಹಡದಾರ. ಹನ್ನೆರಡು ಹೋಗ್ಯಾವ. ಮೂರು ತಿಂಗಳ ಮುಗದು ನಾಕರಾಗ ಬಿದ್ದು ಹೋಗ್ಯಾವ. ಅದರ ಹಿಂದಿನ ವರ್ಷ ಐದು. ಅದರ ಹಿಂದ ಎರಡ ಇದ್ವು."

"ರಕ್ತ ಕಡಿಮಿ ಇತ್ತೇನೋ. ಬಿಸಿಲೂ ಭಾಳ ಇತ್ತು ಹೋದ ಸಲ."

"ಬಿಸಿಲು ಗದಗಿಗೆ ಹೊಸಾದಲ್ರಿ." ಫಕೀರವ್ವ ಪುಟ ತಿರುವಿದಳು. "ವಾರ ತಪ್ಪದಂಗ ರಸ ಕುಡದವರ್ದ ಹೋಗ್ಯಾವ. ಈ ಮೂರು ಮಂದಿ ನೋಡ್ರಿ, ಬಾಯಿ ಕಹಿ ಆಗತೈತಿ ಅಂತ ಹಿತ್ತಲದಾಗ ಚೆಲ್ಲತಿದ್ರು. ನಾ ಬೈದಿನಿ ಅವರಿಗೆ. ಅವರ ಮೂರೂ ಕೂಸು ಅದಾವ."

ನೀಲಗಂಗಾ ನೋಟ್‌ಬುಕ್ ಹತ್ತಿರಕ್ಕೆ ಎಳೆದುಕೊಂಡಳು. ಹೆಸರು, ತಾರೀಖು, ಎಷ್ಟು ವಾರ ರಸ ಕುಡಿದಿದ್ದಾರೆ ಎಂಬುದಕ್ಕೆ ಗೀಟು. ಎಲ್ಲ ನೀಟಾಗಿ ಬರೆದಿತ್ತು. ಅವಳಿಗೆ ಆ ಹೆಸರುಗಳು ಸರಿಯಾಗಿ ಕಾಣಲಿಲ್ಲ. ಮುಂಡರಗಿಯಲ್ಲಿದ್ದ ತನ್ನ ತಂಗಿ ಮಹಾನಂದಾ ಕಣ್ಣ ಮುಂದೆ ಬಂದು ನಿಂತಿದ್ದಳು.

ಮಹಾನಂದಾ ಅವಳಿಗಿಂತ ಹನ್ನೊಂದು ವರ್ಷ ಚಿಕ್ಕವಳು. ತಾಯಿ ತೀರಿಕೊಂಡಾಗ ಅವಳಿಗೆ ನಾಲ್ಕು ವರ್ಷ. ಜಡೆ ಹಾಕಿ ಶಾಲೆಗೆ ಕಳಿಸಿದವಳು, ಮದುವೆಯ ಸೀರೆ ಆರಿಸಿದವಳು ಅಕ್ಕನೇ. ಗಂಡ ಈರಣ್ಣ ಬಸ್ ಕಂಡಕ್ಟರ್, ಒಳ್ಳೆಯ ಮನುಷ್ಯ. ಮನೆಯ ಮುಂದಿನ ಕೋಣೆಯಲ್ಲಿ ಮಹಾನಂದಾ ಬ್ಲೌಸ್ ಹೊಲಿಯುತ್ತಿದ್ದಳು. ಎರಡು ವರ್ಷದಲ್ಲಿ ಅವಳಿಗೆ ಎರಡು ಬಸುರು ಹೋಗಿದ್ದವು. ಮೊದಲನೆಯದು ಹೋದಾಗ ನೀಲಗಂಗಾ ಹೇಳಿದ್ದಳು, "ನಿನ್ನ ಮೈಯಾಗ ತ್ರಾಣ ಇಲ್ಲ." ಅಂದಿನಿಂದ ತಂಗಿಯ ಮನೆಗೆ ಹೋಗುವಾಗಲೆಲ್ಲ ಕೇಂದ್ರದಿಂದ ಒಂದು ಬಾಟಲಿ ಒಯ್ಯುತ್ತಿದ್ದಳು. ಊರಿಗೆಲ್ಲ ಹೋಗುವ ತೆಳುವಾದ ರಸವಲ್ಲ, ನೀರು ಬೆರೆಸುವ ಮೊದಲಿನ ಗಟ್ಟಿ ರಸ.

"ನೋಟ್‌ಬುಕ್ ಇಲ್ಲೇ ಬಿಟ್ಟು ಹೋಗತೀರೇನು?" ಎಂದು ಕೇಳಿದಳು.

"ಬಿಡೂದಿಲ್ರಿ," ಎಂದಳು ಫಕೀರವ್ವ. "ನೀವ ಬರಕೊಳ್ರಿ. ನಾ ಕುಂದರತೀನಿ."

ಅವಳು ಬರೆದುಕೊಳ್ಳುವವರೆಗೂ ಫಕೀರವ್ವ ಅಲ್ಲೇ ಕೂತಿದ್ದಳು.

ಹಳೆಯ ಪ್ರಯೋಗದ ಕಡತ ತೆಗೆದು ನೋಡಿದಾಗ ತಪ್ಪು ಎಲ್ಲಿದೆ ಎಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬಸುರಿ ಇಲಿಗಳಿಗೆ ರಸ ಕೊಟ್ಟಿದ್ದರು. ಮರಿಗಳು ಸರಿಯಾಗಿಯೇ ಹುಟ್ಟಿದ್ದವು. ಆದರೆ ಇಲಿ ಮೂರು ವಾರಕ್ಕೆ ಹಡೆಯುತ್ತದೆ. ರಸ ಕೊಟ್ಟದ್ದೂ ಮೂರೇ ವಾರ. ಜ್ವರದಿಂದ ಜನ ಸಾಯುತ್ತಿದ್ದ ಆ ದಿನಗಳಲ್ಲಿ ಒಂದೂವರೆ ವರ್ಷ ರಸ ಕುಡಿಸಿ ನೋಡುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ, ಅವಳಿಗೂ ಇರಲಿಲ್ಲ.

ಫಕೀರವ್ವ ಮನೆಮನೆಗೆ ಹೋಗಿ ಹೆಂಗಸರನ್ನು ಒಪ್ಪಿಸಿ ಕರೆತಂದಳು. ನಲವತ್ತು ಜನರ ರಕ್ತ ಸಿಕ್ಕಿತು. ನಲವತ್ತೊಂದನೆಯದು ಮಹಾನಂದಾಳದು. "ಸುಮ್ನ ಒಂದು ತಪಾಸಣಿ," ಎಂದು ಹೇಳಿ ನೀಲಗಂಗಾ ತಾನೇ ಹೋಗಿ ತಂದಳು.

ಮೈಯಲ್ಲಿ ಕಾವಲಿನ ಕಣಗಳಿರುವಂತೆ, ಅವನ್ನು ತಡೆದು ನಿಲ್ಲಿಸುವ ಇನ್ನೊಂದು ಬಗೆಯ ಕಣಗಳೂ ಇರುತ್ತವೆ. ಜಗಳಕ್ಕೆ ನಿಂತ ಹುಡುಗರಿಗೆ ಮನೆಯ ಹಿರಿಯರು "ಬಿಡು, ಅವ ನಮ್ಮಂವ" ಎಂದು ಹೇಳಿದ ಹಾಗೆ. ಬಸುರಿನಲ್ಲಿ ಈ ಹಿರಿಯರಿಗೆ ಹೆಚ್ಚು ಕೆಲಸ. ಹೊಟ್ಟೆಯಲ್ಲಿರುವ ಕೂಸು ಅರ್ಧ ತಾಯಿಯದು, ಅರ್ಧ ತಂದೆಯದು. ಕಾವಲುಗಾರರ ಕಣ್ಣಿಗೆ ಆ ಅರ್ಧ ಪರಕೀಯ. ಹಿರಿಯರು ಅಡ್ಡ ನಿಂತದ್ದರಿಂದಲೇ ಮನುಷ್ಯಕುಲ ಉಳಿದು ಬಂದಿದೆ. ಬಂಡೆಬಳ್ಳಿಯ ರಸ ಕಾವಲುಗಾರರನ್ನು ಎಬ್ಬಿಸುವುದರ ಜೊತೆಗೆ, ವಾರವಾರವೂ ಸ್ವಲ್ಪ ಸ್ವಲ್ಪವಾಗಿ ಈ ಹಿರಿಯರನ್ನು ಕಡಿಮೆ ಮಾಡುತ್ತಿತ್ತು. ಒಂದು ವರ್ಷಕ್ಕೆ ಗೊತ್ತಾಗುವಂತಿರಲಿಲ್ಲ. ಎರಡು ವರ್ಷ ತುಂಬುವ ಹೊತ್ತಿಗೆ ನೂರರಲ್ಲಿ ಮೂವತ್ತು ಉಳಿದಿದ್ದವು.

ಮಹಾನಂದಾಳ ರಕ್ತದಲ್ಲಿ ನೂರರಲ್ಲಿ ನಾಲ್ಕು ಉಳಿದಿದ್ದವು.

ನೀಲಗಂಗಾ ಯಂತ್ರ ಕೆಟ್ಟಿರಬೇಕೆಂದು ಇನ್ನೊಮ್ಮೆ ಹಾಕಿದಳು. ಮತ್ತೆ ನಾಲ್ಕೇ ಬಂತು.

ಕೇಂದ್ರದ ನಿರ್ದೇಶಕರು ಡಾಕ್ಟರ್ ವಾಮನ ದೇಶಕುಲಕರ್ಣಿ. ಕೆಂಗಣ್ಣು ಜ್ವರದ ಮೂರು ವರ್ಷವೂ ವಾರ್ಡಿನಲ್ಲಿ ಕೆಲಸ ಮಾಡಿದ ವೈದ್ಯರು. ಅವಳು ಇಟ್ಟ ಕಾಗದಗಳನ್ನು ನಿಧಾನವಾಗಿ ಓದಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ನಿಮ್ಮ ಲೆಕ್ಕ ಸರಿ ಇದೆ," ಎಂದರು. "ಇದನ್ನು ಸಮಿತಿಗೆ ಕಳಿಸುತ್ತೇನೆ. ಆದರೆ ಹೊರಗೆ ಹೇಳುವುದು ಬೇಡ."

"ಸರ್, ಹೆಂಗಸರಿಗಷ್ಟೇ ಹೇಳೋಣ. ಮಕ್ಕಳಾಗಬೇಕು ಅನ್ನೋರು ಕುಡಿಯೋದು ಬಿಡಲಿ."

"ಜೂನ್ ತಿಂಗಳು ಇನ್ನು ಏಳು ವಾರ ದೂರ ಇದೆ, ನೀಲಗಂಗಾ. ಹೆಂಗಸರಿಗೆ ಹೇಳಿದ ಮಾತು ಹೆಂಗಸರ ಹತ್ತಿರವೇ ಉಳಿಯುತ್ತದೆಯೇ? ಹೆದರಿ ಗಂಡಸರು ಬಿಡುತ್ತಾರೆ, ಮಕ್ಕಳಿಗೆ ಬಿಡಿಸುತ್ತಾರೆ. ಆಮೇಲೆ ಆ ವಾರ್ಡು ತುಂಬುವುದನ್ನು ನಾನು ಇನ್ನೊಂದು ಸಲ ನೋಡಲಾರೆ." ಕನ್ನಡಕ ಮತ್ತೆ ಹಾಕಿಕೊಂಡು ಹೇಳಿದರು, "ಕೆಂಗಣ್ಣು ಜ್ವರ ಎಲ್ಲರಿಗಿಂತ ಹೆಚ್ಚು ಕೊಂದದ್ದು ಯಾರನ್ನು, ನಿಮಗೆ ನೆನಪಿದೆಯಲ್ಲ?"

ನೆನಪಿತ್ತು. ಬಸುರಿಯರನ್ನು.

ಅವಳು ಹೊರಗೆ ಬಂದಳು. ಸಮಿತಿಯ ಉತ್ತರ ಮೂರು ವಾರಕ್ಕೆ ಬಂತು: ಇನ್ನೂ ಹೆಚ್ಚಿನ ಅಧ್ಯಯನ ಅಗತ್ಯ.

ಆ ಭಾನುವಾರ ಅವಳು ಮುಂಡರಗಿಗೆ ಹೋದಳು. ಮಧ್ಯಾಹ್ನದ ಹೊತ್ತು. ಈರಣ್ಣ ಕೆಲಸಕ್ಕೆ ಹೋಗಿದ್ದ. ಮಹಾನಂದಾ ಹೊಲಿಗೆ ಯಂತ್ರದ ಮುಂದೆ ಕೂತು ಒಂದು ಹಸಿರು ಬ್ಲೌಸಿಗೆ ತೋಳು ಕೂಡಿಸುತ್ತಿದ್ದಳು. ಅಕ್ಕನನ್ನು ನೋಡಿ ಕೈಚೀಲದ ಕಡೆ ಕೈ ನೀಡಿದಳು, ಬಾಟಲಿ ತೆಗೆದಿಡಲು.

"ಇವತ್ತು ತಂದಿಲ್ಲ," ಎಂದಳು ನೀಲಗಂಗಾ. "ಕುಂದರು. ಒಂದು ಮಾತು ಹೇಳೂದೈತಿ."

ಎಲ್ಲ ಹೇಳಿದಳು. ಸಭೆಗಳಲ್ಲಿ ಗಂಟೆಗಟ್ಟಲೆ ಮಾತಾಡಿದವಳಿಗೆ ಇದನ್ನು ಹೇಳಲು ಐದು ನಿಮಿಷವೂ ಹಿಡಿಯಲಿಲ್ಲ. ಮಹಾನಂದಾ ಹೊಲಿಗೆ ಯಂತ್ರದ ಗಾಲಿಯ ಮೇಲೆ ಕೈ ಇಟ್ಟುಕೊಂಡು ಕೇಳಿದಳು.

"ನೀ ಎಷ್ಟು ಬಾಟ್ಲಿ ತಂದಿದ್ದಿ, ಅಕ್ಕ?"

"ನೆನಪಿಲ್ಲ ನಂದಾ."

"ನನಗ ನೆನಪೈತಿ. ಹದಿನೇಳು." ಗಾಲಿಯನ್ನು ಸ್ವಲ್ಪ ತಿರುಗಿಸಿ ಸೂಜಿಯನ್ನು ಮೇಲೆತ್ತಿದಳು. "ಕಹಿ ಅಂದ್ರ ಕಹಿ ಇರತಿತ್ತು. ಕುಡದಮ್ಯಾಲ ಎರಡು ತಾಸು ನಾಲಿಗಿ ಮರಗಟ್ಟತಿತ್ತು. ಅಕ್ಕ ನನಗಂತ ಬ್ಯಾರೆ ಮಾಡಿಸ್ಯಾಳ ಅಂತ ಒಂದು ಹನಿ ಚೆಲ್ಲಲಿಲ್ಲ ನಾ."

ನೀಲಗಂಗಾ ಅವಳ ಕೈ ಹಿಡಿಯಲು ಹೋದಳು. ಮಹಾನಂದಾ ಕೈಯನ್ನು ಕೊಸರಿಕೊಳ್ಳಲಿಲ್ಲ, ಆದರೆ ಅದರಲ್ಲಿ ಜೀವವೂ ಇರಲಿಲ್ಲ.

"ಬಿಟ್ರ ತಿರುಗಿ ಬರತಾವೇನು, ನಿನ್ನ ಆ ಹಿರೇರು?"

"ಉಳಿದವರಿಗೆ ಆರು ತಿಂಗಳಿಗೆ ಬರಬಹುದು. ನಿನಗ ಹೇಳಾಕ ಬರೂದಿಲ್ಲ."

"ಹೂಂ," ಎಂದು ಮಹಾನಂದಾ ಎದ್ದಳು. "ರೊಟ್ಟಿ ಮಾಡೀನಿ. ಉಂಡು ಹೋಗು."

ಬೈದಿದ್ದರೆ, ಅತ್ತಿದ್ದರೆ ನೀಲಗಂಗಾಳಿಗೆ ಸಮಾಧಾನವಾಗುತ್ತಿತ್ತು. ಮಹಾನಂದಾ ತಾಟು ಹಾಕಿ, ಮೇಲೆ ಮೇಲೆ ಬಡಿಸಿದಳು. ಬಂದ ನೆಂಟರಿಗೆ ಬಡಿಸಿದ ಹಾಗೆ.

ಮರುದಿನ ನೀಲಗಂಗಾ ಒಂದು ಪುಟದ ಕಾಗದ ಬರೆದಳು. ರಸ ಏನು ಮಾಡುತ್ತದೆ, ಯಾರು ಬಿಡಬೇಕು, ಬಿಟ್ಟರೆ ಆರು ತಿಂಗಳು ಕಾಯಬೇಕು, ಆ ಆರು ತಿಂಗಳೂ ಆಮೇಲಿನ ಒಂಬತ್ತು ತಿಂಗಳೂ ಜ್ವರದ ಭಯ ಎಷ್ಟು ಎಂಬುದನ್ನೆಲ್ಲ ಮುಚ್ಚುಮರೆಯಿಲ್ಲದೆ ಬರೆದು ಕೆಳಗೆ ತನ್ನ ಹೆಸರು ಹಾಕಿದಳು. ಫಕೀರವ್ವ ಅದನ್ನು ಜಿಲ್ಲೆಯ ಇನ್ನುಳಿದ ಆಶಾ ಹೆಂಗಸರಿಗೆ ಮುಟ್ಟಿಸಿದಳು. ಬೆಟಗೇರಿಯ ಒಂದು ಸಮುದಾಯ ಭವನದಲ್ಲಿ ಹೆಂಗಸರನ್ನು ಕೂಡಿಸಿ ನೀಲಗಂಗಾಳಿಂದಲೇ ಹೇಳಿಸಿದಳು.

ಅಲ್ಲಿ ಕೊನೆಯ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಕಸ್ತೂರಿ ಎಂದು ಅವಳ ಹೆಸರು. ನೇಕಾರರ ಮನೆಯ ಸೊಸೆ, ಇಪ್ಪತ್ತಾರು ವರ್ಷ. ಎರಡು ಬಸುರು ಕಳೆದುಕೊಂಡವಳು. ರಕ್ತ ಕೊಟ್ಟ ನಲವತ್ತು ಜನರಲ್ಲಿ ಅವಳೂ ಒಬ್ಬಳು.

"ಬಿಟ್ರ ಜ್ವರ ಬಂದ ಬರತೈತೇನ್ರಿ?"

"ಬರಬಹುದು, ಬರದೇನೂ ಇರಬಹುದು. ಆದ್ರ ಬಸುರಿದ್ದಾಗ ಬಂದ್ರ ಮೂವರಾಗ ಒಬ್ಬರು ಉಳಿಯೂದಿಲ್ಲ."

"ಕುಡದ್ರ?"

"ಕುಡದ್ರ ನೀ ಉಳೀತಿ. ಕೂಸು ಉಳಿಯೂದು ಕಠಿಣ."

ಕಸ್ತೂರಿ ತಲೆ ಆಡಿಸಿ ಕೂತಳು. ಮಾರುಕಟ್ಟೆಯಲ್ಲಿ ಬೆಲೆ ಕೇಳಿ ಸುಮ್ಮನಾದವರ ಹಾಗೆ.

ಎರಡು ದಿನದ ಮೇಲೆ ನೀಲಗಂಗಾ ಕೇಂದ್ರಕ್ಕೆ ಹೋದಾಗ ಅವಳ ಕಾರ್ಡಿಗೆ ಬಾಗಿಲು ತೆರೆಯಲಿಲ್ಲ. ಕಾವಲಿನವನು ಮುಖ ತಿರುಗಿಸಿಕೊಂಡು, "ಮ್ಯಾಲಿಂದ ಹೇಳ್ಯಾರ್ರಿ," ಎಂದ. ಆಚೆ ಹಂಡೆಗಳ ಹಬೆ ಎಂದಿನಂತೆ ಮೇಲೇಳುತ್ತಿತ್ತು.

ದೇಶಕುಲಕರ್ಣಿಯವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮಾತು ಹೆಂಗಸರ ಹತ್ತಿರ ಉಳಿಯಲಿಲ್ಲ. ರಸ ಕುಡಿದರೆ ಗಂಡಸುತನ ಹೋಗುತ್ತದೆ ಎಂದು ಒಂದು ಓಣಿಯಲ್ಲಿ, ಮಕ್ಕಳ ಬುದ್ಧಿ ಮಂಕಾಗುತ್ತದೆ ಎಂದು ಇನ್ನೊಂದು ಓಣಿಯಲ್ಲಿ ಸುದ್ದಿ ಹಬ್ಬಿತು. ಗಟಾರಗಳಲ್ಲಿ ಹಸಿರು ನೀರು ಹರಿಯಿತು. ಜೂನ್ ಎಂಟಕ್ಕೆ ಮಳೆ ಬಂತು. ಪೇರಿಸಿಟ್ಟ ಮಂಚಗಳನ್ನು ಇಳಿಸಿದರು. ಆ ಮಳೆಗಾಲ ಜಿಲ್ಲೆಯಲ್ಲಿ ಇನ್ನೂರ ಹದಿನಾಲ್ಕು ಜನ ಸತ್ತರು. ಅದರಲ್ಲಿ ಅರವತ್ತೆರಡು ಮಕ್ಕಳು. ಆ ಮಕ್ಕಳಲ್ಲಿ ಯಾರಿಗೂ ರಸ ಬಿಡಿ ಎಂದು ನೀಲಗಂಗಾ ಹೇಳಿರಲಿಲ್ಲ. ಆ ಮಾತನ್ನು ಅವಳು ದಿನಕ್ಕೆ ಹತ್ತು ಸಲ ತನಗೆ ತಾನೇ ಹೇಳಿಕೊಂಡಳು. ಅದರಿಂದ ಆ ಸಂಖ್ಯೆ ಕಡಿಮೆಯಾಗಲಿಲ್ಲ.

ಉಳಿದ ಐದು ಜಿಲ್ಲೆಗಳಿಂದಲೂ ಬಸುರು ಹೋದ ಅಂಕಿ ಬಂದ ಮೇಲೆ ಸಮಿತಿ ಒಪ್ಪಿಕೊಂಡಿತು. ಬಾಟಲಿಯ ಮೇಲಿನ ಸಾಲು ಬದಲಾಯಿತು. ಡಿಸೆಂಬರಿನಲ್ಲಿ ನೀಲಗಂಗಾಳನ್ನು ಕೇಂದ್ರಕ್ಕೆ ಮರಳಿ ಕರೆದರು. ಗುರುತಾಗದ ಹದಿನೈದು ಶಿಖರಗಳಲ್ಲಿ ಆ ಹಿರಿಯ ಕಣಗಳನ್ನು ಕೊಲ್ಲುವುದು ಯಾವುದು ಎಂದು ಹುಡುಕಿ ಅದನ್ನು ರಸದಿಂದ ಬೇರೆ ಮಾಡುವುದು ಅವಳ ಹೊಸ ಕೆಲಸ. ದೇಶಕುಲಕರ್ಣಿಯವರು ಬಾಗಿಲಲ್ಲಿ ನಿಂತು, "ಬನ್ನಿ," ಎಂದರು. ಇಬ್ಬರೂ ಹಳೆಯದನ್ನು ಎತ್ತಲಿಲ್ಲ. ಒಂದೊಂದು ಶಿಖರ ಬೇರ್ಪಡಿಸಿ, ಇಲಿಗಳಿಗೆ ಆರು ತಿಂಗಳು ಕೊಟ್ಟು ನೋಡಬೇಕು. ಈ ಸಲ ಅವಸರ ಮಾಡುವಂತಿರಲಿಲ್ಲ. ಅವಸರ ಮಾಡದೆಯೂ ಇರುವಂತಿರಲಿಲ್ಲ.

ತಿಂಗಳಿಗೊಮ್ಮೆ ಅವಳು ಮುಂಡರಗಿಗೆ ಹೋಗಿ ತಂಗಿಯ ರಕ್ತ ತರುತ್ತಿದ್ದಳು. ನಾಲ್ಕು ಇದ್ದದ್ದು ಆರಾಯಿತು. ಏಳಾಯಿತು. ಮತ್ತೆ ಆರಾಯಿತು. ಏಪ್ರಿಲಿನಲ್ಲಿ ಸೂಜಿ ತೆಗೆದಾಗ ಮಹಾನಂದಾ ಸೆರಗಿನಿಂದ ತೋಳು ಮುಚ್ಚಿಕೊಂಡಳು.

"ಇನ್ನ ಸಾಕು, ಅಕ್ಕ."

"ಇನ್ನೊಂದು ನಾಕು ತಿಂಗಳ ನೋಡೂಣು, ನಂದಾ."

"ನೀ ಬಂದಾಗೆಲ್ಲ ನಾ ಎಷ್ಟು ಬಂತು ಅಂತ ನಿನ್ನ ಮಾರಿ ನೋಡತೀನಿ. ನೀ ಬಾಯಿಲೆ ಹೇಳೂದರಾಗ ನನಗ ತಿಳಿದಿರತೈತಿ. ಇವರಿಗೂ ಹೇಳೀನಿ. ಆದ್ರ ಆಗಲಿ, ಇಲ್ಲಾಂದ್ರ ಇಲ್ಲ. ನೀ ಸುಮ್ನ ಬಾ. ಸೂಜಿ ತಗೊಂಡು ಬರಬ್ಯಾಡ."

ಹೀಗೆ ಹೇಳುವಾಗ ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಆಮೇಲೆ ನೀಲಗಂಗಾ ಎರಡು ತಿಂಗಳು ಮುಂಡರಗಿಗೆ ಹೋಗಲಿಲ್ಲ. ಬರಿಗೈಯಲ್ಲಿ ಹೋಗಿ ಅಲ್ಲಿ ಏನು ಮಾಡುವುದೆಂದು ಅವಳಿಗೆ ತಿಳಿಯಲಿಲ್ಲ.

ಮತ್ತೆ ಜೂನ್ ಬಂತು. ಗಂಡಸರೂ ಮಕ್ಕಳೂ ಮರಳಿ ರಸಕ್ಕೆ ಹೊಂದಿಕೊಂಡಿದ್ದರಿಂದ ಜ್ವರ ಹೆಚ್ಚು ಹಬ್ಬಲಿಲ್ಲ. ಬಂದದ್ದು ಬಸುರಿಯರಿಗೇ. ತಿಂಗಳ ಕೊನೆಯಲ್ಲಿ ಫಕೀರವ್ವ ಕೇಂದ್ರಕ್ಕೆ ಬಂದಳು. ಈ ಸಲ ಹೇಳುವ ಮೊದಲೇ ಕುರ್ಚಿಯಲ್ಲಿ ಕೂತಳು.

"ಕಸ್ತೂರಿ ಹೋದ್ಳು," ಎಂದಳು.

ಕಸ್ತೂರಿ ಮನೆಯಲ್ಲಿ ಯಾರಿಗೂ ಹೇಳದೆ ರಸ ಬಿಟ್ಟಿದ್ದಳು. ಪ್ರತಿ ಸೋಮವಾರ ಅತ್ತೆ ತುಳಜವ್ವ ಎಲ್ಲರಿಗೂ ಚಮಚದಲ್ಲಿ ಹಾಕುವಾಗ ಬಾಯಲ್ಲಿ ಹಿಡಿದುಕೊಂಡು, ಹಿತ್ತಲಿಗೆ ಹೋಗಿ ಉಗುಳುತ್ತಿದ್ದಳು. ಬಸುರಾದ ಮೇಲೂ ಹಾಗೆಯೇ ಮಾಡಿದ್ದಳು. ಏಳು ತಿಂಗಳು ತುಂಬಿದಾಗ ಕಣ್ಣು ಕೆಂಪಾಯಿತು. ಮೂರನೆಯ ದಿನ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಕೂಸನ್ನು ತೆಗೆದರು. ನಾಲ್ಕನೆಯ ದಿನ ತಾಯಿ ತೀರಿಕೊಂಡಳು. ಕೂಸು ಗಾಜಿನ ಪೆಟ್ಟಿಗೆಯಲ್ಲಿದೆ, ಹೆಣ್ಣು, ಉಳಿಯಬಹುದು ಎನ್ನುತ್ತಿದ್ದಾರೆ ಎಂದಳು ಫಕೀರವ್ವ.

"ನಾನೂ ಬರತೀನಿ ಅವರ ಮನಿಗೆ," ಎಂದಳು ನೀಲಗಂಗಾ.

"ಈಗ ಬ್ಯಾಡ್ರಿ. ಕೂಸು ಮನಿಗೆ ಬರಲಿ."

ಕೂಸು ಮನೆಗೆ ಬಂದದ್ದು ಆಗಸ್ಟಿನಲ್ಲಿ. ಇಬ್ಬರೂ ಬೆಟಗೇರಿಗೆ ನಡೆದು ಹೋದರು. ಓಣಿಯ ತುಂಬ ಮಗ್ಗದ ಸದ್ದು ಇತ್ತು. ಆ ಒಂದು ಮನೆಯಲ್ಲಿ ಮಾತ್ರ ಇರಲಿಲ್ಲ. ಕಸ್ತೂರಿಯ ಗಂಡ ಮಗ್ಗದ ಹತ್ತಿರ ಸುಮ್ಮನೆ ಕೂತಿದ್ದವನು ಇವರನ್ನು ನೋಡಿ ಎದ್ದು ಹೊರಗೆ ಹೋದ. ತುಳಜವ್ವ ಕಂಬಕ್ಕೆ ಒರಗಿ, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಿದ್ದಳು. ಅಂಗೈಯಗಲದ ಮುಖ, ನೆರಿಗೆ ನೆರಿಗೆ.

"ನೀ ಏನ ತಂಗಿ, ಆ ಕಾಗದ ಬರದಾಕಿ?"

"ಹೌದ್ರಿ."

"ಆಕಿ ಟ್ರಂಕಿನ್ಯಾಗ ಸಿಕ್ಕಿತು. ನನಗ ಓದಾಕ ಬರೂದಿಲ್ಲ. ಮಗ ಓದಿ ಹೇಳಿದ." ತುಳಜವ್ವ ಕೂಸಿನ ತಲೆಯ ಮೇಲಿನ ಕುಲಾಯಿ ಸರಿಮಾಡಿದಳು. "ಕುಡದಿದ್ರ ಆಕಿ ಇರತಿದ್ಳು, ಹೌದಿಲ್ಲೋ?"

"ಇರತಿದ್ಳ್ರಿ."

"ಇದು ಇರತಿರಲಿಲ್ಲ."

"ಇರತಿರಲಿಲ್ಲ."

ನೀಲಗಂಗಾ ಬೈಗುಳಕ್ಕೆ ಸಿದ್ಧಳಾಗಿ ಬಂದಿದ್ದಳು. ದಾರಿಯುದ್ದಕ್ಕೂ ಅದಕ್ಕೆ ಏನು ಹೇಳುವುದೆಂದು ಯೋಚಿಸಿದ್ದಳು, ಏನೂ ಹೇಳಬಾರದು ಎಂದು ತೀರ್ಮಾನಿಸಿದ್ದಳು.

"ಎರಡನೇದ್ದು ಹೋದಾಗ ನಾ ಆಕಿಗೆ ಬಂಜಿ ಅಂದಿನಿ," ಎಂದಳು ತುಳಜವ್ವ. "ಮಂದಿ ಮುಂದ ಅಂದಿನಿ. ನೀರಿನ ನಳದ ಹಂತ್ಯಾಕ. ಆಕಿ ಕೊಡ ತುಂಬಕೊಂಡು ಸುಮ್ನ ಬಂದ್ಳು. ನಾ ಹಂಗ ಅನ್ನದಿದ್ರ ಆಕಿ ಕುಡೀತಿದ್ಳೇನೋ."

"ಅದು ನಿಮ್ಮ ತಪ್ಪಲ್ರಿ," ಎಂದಳು ಫಕೀರವ್ವ ಮೆಲ್ಲಗೆ.

"ಯಾರದು ಹಂಗಾದ್ರ?"

ನೀಲಗಂಗಾ, "ನಂದೈತ್ರಿ," ಎಂದಳು. ಬಹಳ ದಿನದಿಂದ ಒಳಗೇ ಇಟ್ಟುಕೊಂಡಿದ್ದ ಮಾತು. ಹೊರಗೆ ಬಂದ ಮೇಲೆ ಅದು ಅಷ್ಟು ದೊಡ್ಡದಾಗಿ ಕೇಳಿಸಲಿಲ್ಲ. ತುಳಜವ್ವ ಅವಳನ್ನು ನೋಡಿ, ಗೋಡೆಯ ಮಾಡಿನಿಂದ ಹಸಿರು ಬಾಟಲಿ ತೆಗೆದುಕೊಡುವಂತೆ ಫಕೀರವ್ವನಿಗೆ ಕೈ ಮಾಡಿದಳು.

"ಮಳಿ ಇನ್ನೂ ಐತಿ. ಆಸ್ಪತ್ರಿಯವರು ದಿನಾ ಎರಡು ಹನಿ ಹಾಕು ಅಂದಾರ. ಮಗ ಬ್ಯಾಡ ಅಂತಾನ. ಹೆಣ್ಣ ಕೂಸು, ನಾಳೆ ಇದಕ್ಕೂ ಹಂಗ ಆಗೂದಿಲ್ಲೇನು ಅಂತಾನ. ನೀ ಹೇಳು. ಹಾಕಲೋ ಬ್ಯಾಡೋ?"

ಎಂಟು ತಿಂಗಳಿನಿಂದ ಕೇಂದ್ರದಲ್ಲಿ ನಾಲ್ಕು ಶಿಖರಗಳನ್ನು ಬೇರ್ಪಡಿಸಿದ್ದರು. ಆ ನಾಲ್ಕರಲ್ಲಿ ಯಾವುದೂ ಅದಲ್ಲ. ಇನ್ನು ಹನ್ನೊಂದು ಉಳಿದಿದ್ದವು. ಹುಟ್ಟಿನಿಂದಲೇ ರಸ ಕುಡಿದು ಬೆಳೆದ ಹೆಣ್ಣುಮಕ್ಕಳಲ್ಲಿ ಹಿರಿಯಳಿಗೆ ಈಗ ನಾಲ್ಕು ವರ್ಷ. ಇಪ್ಪತ್ತು ವರ್ಷದ ಮೇಲೆ ಅವರಿಗೆ ಏನಾಗುತ್ತದೆ ಎಂಬುದನ್ನು ಹೇಳುವ ಇಲಿ ಯಾವ ಪ್ರಯೋಗಾಲಯದಲ್ಲೂ ಇರಲಿಲ್ಲ.

"ಮುಂದ ಏನಾಗತೈತಿ ಗೊತ್ತಿಲ್ರಿ," ಎಂದಳು.

"ನೀ ಕಲತಾಕಿ. ನಿನಗ ಗೊತ್ತಿಲ್ಲಂದ್ರ ನಾ ಯಾರನ್ನ ಕೇಳ್ಲಿ?"

ಕೂಸು ನಿದ್ದೆಯಲ್ಲಿ ಒಮ್ಮೆ ಉಸಿರು ತಡೆದು, ಮತ್ತೆ ಬಿಟ್ಟಿತು. ಮೂವರೂ ಅದನ್ನು ನೋಡಿದರು.

"ಹಾಕ್ರಿ," ಎಂದಳು ನೀಲಗಂಗಾ. "ಈ ಮಳಿಗಾಲ ದಾಟಲಿ. ಬ್ಯಾಸಿಗ್ಯಾಗ ಬಿಡಿಸಿ ನೋಡೂಣು. ನಾ ಬರತೀನಿ."

"ಹಂಗಾದ್ರ ನೀನ ಹಾಕು," ಎಂದು ತುಳಜವ್ವ ಬಾಟಲಿಯನ್ನು ಅವಳ ಕೈಗೆ ಕೊಟ್ಟಳು. "ನನ್ನ ಕೈಲೆ ಆಗವಲ್ಲದು."

ನೀಲಗಂಗಾ ನೆಲದ ಮೇಲೆ ಕೂತಳು. ಲಕ್ಷಗಟ್ಟಲೆ ಬಾಟಲಿಗಳನ್ನು ಪರದೆಯ ಮೇಲೆ ನೋಡಿ ಒಪ್ಪಿಗೆ ಕೊಟ್ಟಿದ್ದಳು. ಒಂದು ಕೂಸಿನ ಬಾಯಿಗೆ ತನ್ನ ಕೈಯಿಂದ ಹಾಕಿದ್ದು ಇದೇ ಮೊದಲು. ತುಳಜವ್ವ ಗಲ್ಲ ಒತ್ತಿ ಹಿಡಿದಳು. ಸಣ್ಣ ಬಾಯಿ ತೆರೆಯಿತು. ಒಂದು ಹನಿ ಬಿತ್ತು. ಎರಡನೆಯದು ಬೀಳಲು ತಡವಾಯಿತು.

ಕಹಿಗೆ ಕೂಸು ಮುಖ ಹಿಂಡಿತು. ಅಳುತ್ತದೆಂದು ಮೂವರೂ ಕಾದರು. ಅಳಲಿಲ್ಲ. ನಾಲಿಗೆಯನ್ನು ಎರಡು ಸಲ ಹೊರಗೆ ಚಾಚಿ ಒಳಗೆ ಎಳೆದುಕೊಂಡು, ನುಂಗಿತು.